ಕಂಬಳಿ ಹಾಸಿ ಹೇಳಿದ್ದು

ತಟ್ಟೆ ಎತ್ತುವ ಕೆಲಸ ನನ್ನದು. ತಿಂದವರ ಮುಖ ನೆನಪಿರುವುದಿಲ್ಲ, ಎಂಜಲು ನೆನಪಿರುತ್ತದೆ. ಜಗಿದು ಉಗಿದ ಮೂಳೆ, ಮೂಗು ಒರೆಸಿ ಸಾರಿನಲ್ಲಿ ಅದ್ದಿದ ಕಾಗದ, ಮಗು ಕಾರಿಕೊಂಡ ಅನ್ನ. ಎಲ್ಲವನ್ನೂ ಈ ಕೈಯೇ ಬಳಿದಿದೆ. ಸೋಪಿನ ಪುಡಿ ಕೊರೆದು ಬೆರಳ ಸಂದಿಯ ಚರ್ಮ ಒಡೆದಿದೆ. ಮನೆಯಲ್ಲಿ ಮುದ್ದೆ ಮುರಿದು ಸಾರಿಗೆ ಅದ್ದಿದರೆ ಖಾರ ಹತ್ತಿ ಉರಿಯುತ್ತದೆ.

ಹೋಟೆಲು ಇರುವುದು ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯ ಪಕ್ಕ. ಹೆಸರು ‘ಕುರಿಹಟ್ಟಿ’. ಮಾಲೀಕ ಜಯದೇವಪ್ಪ. ನಮ್ಮ ಹಟ್ಟಿಯ ಬೇಲಿ ಹೊರಗೆ ಕಾರು ನಿಲ್ಲಿಸಿ, ಹಾರನ್ ಹೊಡೆದು ಆಳು ಕರೆದುಕೊಂಡು ಹೋದವನು, ಹೋಟೆಲಿಗೆ ನಮ್ಮ ಹಟ್ಟಿಯ ಹೆಸರೇ ಇಟ್ಟ. ಗೋಡೆ ತುಂಬ ಕುರಿ ಚಿತ್ರ. ಮೂಲೆಯಲ್ಲಿ ಯಾರೂ ಬೀಸದ ಬೀಸುವ ಕಲ್ಲು. ಬಾಗಿಲಲ್ಲಿ ನಮ್ಮ ಮಾವ.

ಮಾವ ಅಂದರೆ ಯತ್ತಪ್ಪ, ನನ್ನ ಗಂಡನ ದೊಡ್ಡಪ್ಪ. ದೇವಸಮುದ್ರದ ಕಡೆಯ ನಮ್ಮ ಹಟ್ಟಿಯಲ್ಲಿ ಅವನು ಹೇಳಿದ್ದೇ ಮಾತು. ಬೇಸಿಗೆಯಲ್ಲಿ ಉಳ್ಳಾರ್ತಿ ಕಾವಲಿನ ಹುಲ್ಲುಬಯಲಿನ ತನಕ ಮಂದೆ ಹೊಡೆದುಕೊಂಡು ಹೋಗುತ್ತಿದ್ದವನು. ಕಾವಲಿಗೆ ಗೋಡೆ ಎದ್ದಿತು. ಹುಲ್ಲು ಆಚೆ ಉಳಿಯಿತು, ಕುರಿ ಈಚೆ ಉಳಿದವು. ಮಂದೆ ಮಾರಿದ. ಮಾರುವ ಮುಂಚೆ ಕೊನೆಯ ಸಲ ಉಣ್ಣೆ ಕತ್ತರಿಸಿ ಅದರಲ್ಲಿ ಒಂದು ಕರಿ ಕಂಬಳಿ ನೇಯಿಸಿಕೊಂಡ. ಅಷ್ಟು ದೊಡ್ಡ ಮಂದೆಯಲ್ಲಿ ಅವನಿಗೆ ಉಳಿದದ್ದು ಅದೊಂದೇ. ಆ ಕಂಬಳಿ ಹೆಗಲಿಗೆ ಹಾಕಿಕೊಂಡು, ಕೋಲು ಹಿಡಿದು, ಬಂದ ಕಾರಿಗೆಲ್ಲ ಕೈ ಮುಗಿಯುವುದು ಅವನ ಕೆಲಸವಾಯಿತು.

ನಮ್ಮಲ್ಲಿ ಹಬ್ಬದಲ್ಲಿ ದೇವರು ಕೂರುವುದು ಕಂಬಳಿಯ ಮೇಲೆ. ನ್ಯಾಯ ಬಿದ್ದಾಗ ಹಾಸುವುದೂ ಕಂಬಳಿಯನ್ನೇ. ಬರಿಗಾಲಲ್ಲಿ ಅದರ ಮೇಲೆ ನಿಂತವನು ಸುಳ್ಳು ಹೇಳುವುದಿಲ್ಲ. ಹಾಸಿದ ಕಂಬಳಿಯನ್ನು ಯಾರೂ ದಾಟುವುದಿಲ್ಲ. ಹೆಂಗಸರು ಅದರ ಮೇಲೆ ನಿಲ್ಲುವಂತಿಲ್ಲ. ಮುಟ್ಟಾದ ಹೆಂಗಸು ಅದರ ಅಂಚನ್ನೂ ಸೋಕುವಂತಿಲ್ಲ. ಸೋಕಿದರೆ ಕಂಬಳಿ ಕೆಟ್ಟಿತು ಎಂದು ಸುಡುತ್ತಾರೆ.

ಮುಟ್ಟಿನ ದಿನಗಳಲ್ಲಿ ಹಟ್ಟಿ ನನ್ನನ್ನು ಬೇಲಿಯಾಚೆಯ ಗುಡಿಸಲಿಗೆ ಹಾಕುತ್ತದೆ. ಚೇಳು ಹರಿದಾಡುವ ಜಾಗ, ಬಾಗಿಲಿಲ್ಲ. ಅಲ್ಲಿಂದಲೇ ಕೆಲಸಕ್ಕೆ ಹೋಗಬಹುದು, ಅದಕ್ಕೆ ಯಾರದೂ ತಕರಾರಿಲ್ಲ. ನನ್ನ ಸಂಬಳಕ್ಕೆ ಮೈಲಿಗೆ ಅಂಟುವುದಿಲ್ಲ ನೋಡಿ. ಆ ದಿನಗಳಲ್ಲಿ ನಾನು ಬಸ್ಸು ಹತ್ತಿದರೆ ಮಾವ ಕಂಬಳಿಯ ಅಂಚನ್ನು ಬಿಗಿಯಾಗಿ ಸುತ್ತಿಕೊಂಡು ಡ್ರೈವರ್ ಪಕ್ಕಕ್ಕೆ ಹೋಗಿ ನಿಲ್ಲುತ್ತಿದ್ದ.

ಇನ್ನು ಟಿಪ್ಸಿನ ಕಥೆ ಕೇಳಿ. ಮೊದಮೊದಲು ಊಟ ಬಡಿಸುವ ಹುಡುಗರಿಗೆ ಬಿಲ್ಲಿನ ಜೊತೆ ಸೋಂಪಿನ ತಟ್ಟೆಯಲ್ಲಿ ನೋಟು ಬರುತ್ತಿತ್ತು. ನನಗೆ ತಟ್ಟೆಯಲ್ಲೇ ಬರುತ್ತಿತ್ತು, ಎಂಜಲಿನ ಒಳಗೆ. ಚಟ್ನಿಗೆ ಅಂಟಿದ ನಾಣ್ಯ. ಕೈ ತೊಳೆದ ನಿಂಬೆ ನೀರಿನ ಬಟ್ಟಲಲ್ಲಿ ಮುಳುಗಿಸಿದ ಹತ್ತರ ನೋಟು. ಒಬ್ಬ ತಾಯಿ ತನ್ನ ಮಗುವಿನ ಕೈಗೆ ನಾಣ್ಯ ಕೊಟ್ಟು, "ಆಂಟಿ ಕೈ ಗಲೀಜು, ಮುಟ್ಬೇಡ, ಮೇಲಿಂದ ಹಾಕು" ಎಂದು ಹೇಳಿಕೊಟ್ಟಳು. ಮಗು ಹಾಗೇ ಹಾಕಿತು. ನಾನು ಎತ್ತಿಕೊಂಡೆ. ತೊಳೆದುಕೊಂಡು ಸೆರಗಿಗೆ ಕಟ್ಟಿಕೊಂಡೆ.

ಮಾವನದು ಇನ್ನೊಂದು ಪಾಡು. ಅನಂತಪುರದ ಕಡೆಯಿಂದ ಬಂದ ಒಬ್ಬ ನೋಟು ತೋರಿಸಿ, "ತಾತಾ, ಗೊರ್ರೆಲನಿ ಪಿಲುವು" ಎಂದ. ಕುರಿ ಕರೆದು ತೋರಿಸು ಎಂದು. ಮಾವ ನಾಲಿಗೆ ಮಡಚಿ, ಗಂಟಲಿಂದ ದನಿ ತೆಗೆದು ಕರೆದ. ಹಟ್ಟಿಯಲ್ಲಿ ಹಾಗೆ ಕರೆದರೆ ಗುಡ್ಡದ ಕುರಿಯೆಲ್ಲ ತಿರುಗಿ ನೋಡುತ್ತಿದ್ದವು. ಇಲ್ಲಿ ಎಲ್ಲರೂ ಫೋನು ಎತ್ತಿಕೊಂಡು ನಕ್ಕರು. ಇನ್ನೊಂದು ಸಲ, ಇನ್ನೊಂದು ಸಲ ಎಂದು ಕರೆಸಿದರು. ಗಂಟಲು ಕಟ್ಟಿ ಕೆಮ್ಮು ಬರುವ ತನಕ ಕರೆಸಿದರು.

ಆಮೇಲೆ ಜಯದೇವಪ್ಪ ಕ್ಯಾಶ್ ಕೌಂಟರಿನಲ್ಲಿ ಒಂದು ಡಬ್ಬಿ ಇಟ್ಟ. ಸಿಕ್ಕ ಟಿಪ್ಸೆಲ್ಲ ಅದಕ್ಕೇ ಹಾಕಬೇಕು, ಎಲ್ಲರಿಗೂ ಹಂಚುತ್ತೇನೆ ಎಂದ. ಡಬ್ಬಿಯ ಬೀಗ ತೆಗೆದದ್ದನ್ನು ನಮ್ಮಲ್ಲಿ ಯಾರೂ ನೋಡಲಿಲ್ಲ. ಅದೂ ಸಾಲದು ಎಂದು ಬಿಲ್ಲಿನಲ್ಲೇ ಸರ್ವಿಸ್ ಚಾರ್ಜು ಹಾಕಲು ಶುರು ಮಾಡಿದ. ಅದನ್ನು ಕಂಡ ಗಿರಾಕಿಗಳು ಟಿಪ್ಸು ಕೊಡುವುದು ನಿಲ್ಲಿಸಿದರು. ಎಂಜಲ ನಾಣ್ಯವೂ ಹೋಯಿತು. ಮ್ಯಾನೇಜರ್ ರವಿಕಿರಣ್ ನಮ್ಮನ್ನು ಸಾಲಾಗಿ ನಿಲ್ಲಿಸಿ ಪಾಠ ಹೇಳಿದ.

"ಯಾರಾದ್ರೂ ಕೇಳಿದ್ರೆ, ಹೂಂ ಸಾರ್, ಸರ್ವಿಸ್ ಚಾರ್ಜು ನಮಗೇ ಬರುತ್ತೆ ಅನ್ಬೇಕು. ನಗ್ತಾ ಹೇಳ್ಬೇಕು. ತಿಳೀತಾ?"

"ಬರ್ತೈತಾ ಸಾರ್?" ಎಂದು ನಮ್ಮ ಹಟ್ಟಿಯ ಮಾರುತೇಶ ಕೇಳಿದ. ಅವನು ಊಟ ಬಡಿಸುತ್ತಿದ್ದವನು. ಅವತ್ತು ಸಂಜೆಯೇ ಅವನನ್ನು ಕಕ್ಕಸು ತೊಳೆಯಲು ಹಾಕಿದರು. ಮೂಗು ಮುಚ್ಚಿಕೊಂಡು ತೊಳೆದ. ಮತ್ತೆ ಬಡಿಸಲು ಬಂದ ಮೇಲೆ ಅವನು ಏನನ್ನೂ ಕೇಳಲಿಲ್ಲ.

ಒಂದು ಭಾನುವಾರ ನಾನು ಗುಡಿಸಲಿನಿಂದಲೇ ಬಂದಿದ್ದೆ. ಹೊಟ್ಟೆ ಹಿಂಡುತ್ತಿತ್ತು. ಸೊಂಟ ಕಿತ್ತು ಹೋಗುವ ನೋವು. ಬಟ್ಟೆ ಬದಲಾಯಿಸಲು ಒಂದು ಗಳಿಗೆ ಹೋದರೂ ರವಿಕಿರಣ್ ಬಂದು ಬಾಗಿಲು ಬಡಿಯುತ್ತಿದ್ದ. ಹೋಟೆಲು ಕಿಕ್ಕಿರಿದಿತ್ತು.

ಬೆಂಗಳೂರಿನ ಒಂದು ಗುಂಪು ಬ್ರಹ್ಮಗಿರಿಯ ಅಶೋಕನ ಶಾಸನ ನೋಡಿಕೊಂಡು ಊಟಕ್ಕೆ ಬಂದಿತ್ತು. ಅದರಲ್ಲಿ ಒಬ್ಬಳು ಮೇಡಂ, ಕತ್ತಿನ ತುಂಬ ಮಣಿಸರ. ಹೊಟ್ಟೆ ತುಂಬ ತಿಂದರು. ಬಿಲ್ಲು ಬಂತು. ಮೇಡಂ ಬಿಲ್ಲನ್ನು ಮೂಗಿನ ಹತ್ತಿರ ಹಿಡಿದಳು.

"ಇದೇನ್ರೀ ಸರ್ವಿಸ್ ಚಾರ್ಜು? ಬಲವಂತವಾಗಿ ಹಾಕೋ ಹಾಗಿಲ್ಲ ಅಂತ ಗೊತ್ತಿಲ್ವಾ?"

"ಕೆಲಸದವ್ರಿಗೇ ಹೋಗೋದು ಮೇಡಂ. ಪಾಪ, ಬಡವ್ರು" ಎಂದ ರವಿಕಿರಣ್.

ಮೇಡಂ ನನ್ನತ್ತ ತಿರುಗಿದಳು. ನನ್ನ ಕೈಯಲ್ಲಿ ಗದ್ದ ಮುಟ್ಟುವಷ್ಟು ತಟ್ಟೆ.

"ಏನಮ್ಮ, ಬರುತ್ತಾ ನಿಮಗೆ ಈ ದುಡ್ಡು?"

"ನನ್ನ ಯಾಕೆ ಕೇಳ್ತೀರಮ್ಮ? ಬಿಲ್ ಬರೆದೋರು ಅಲ್ಲೇ ಅವ್ರೆ. ಅವ್ರನ್ನ ಕೇಳ್ರಿ" ಎಂದೆ.

ಜಯದೇವಪ್ಪ ಕೌಂಟರಿನಿಂದ ಎದ್ದು ಬಂದ. ನಗುತ್ತಿದ್ದ. ನನ್ನ ಪಕ್ಕ ಹಾಯುವಾಗ ನನಗೆ ಮಾತ್ರ ಕೇಳುವ ಹಾಗೆ ಒಂದು ಕೆಟ್ಟ ಮಾತು ಬೈದ. ಅದನ್ನು ಇಲ್ಲಿ ಹೇಳಲಾರೆ.

"ಅವಳಿಗೇನು ಗೊತ್ತು ಮೇಡಂ, ತಟ್ಟೆ ಎತ್ತೋಳು. ನಿಮಗೊಂದು ಚೆಂದ ತೋರಿಸ್ತೀನಿ ನೋಡಿ. ಈ ಜನ ಕಂಬಳಿ ಮೇಲೆ ನಿಂತ್ರೆ ಸತ್ತರೂ ಸುಳ್ಳು ಹೇಳಲ್ಲ. ಯತ್ತಪ್ಪಾ! ಬಾರೋ ಇಲ್ಲಿ. ಕಂಬಳಿ ಹಾಸು."

ಅವನ ಧೈರ್ಯ ನೋಡಿ. ದಿನಾ ಆ ಕಂಬಳಿಯನ್ನು ಬಾಗಿಲಲ್ಲಿ ನಿಲ್ಲಿಸಿ ಆಟ ಆಡಿಸಿದ್ದನಲ್ಲ, ಅದೂ ತನ್ನ ಬೀಸುವ ಕಲ್ಲಿನ ಹಾಗೆ ಒಂದು ಗೊಂಬೆ ಸಾಮಾನು ಎಂದುಕೊಂಡಿದ್ದ. ಮಾವ ಬಂದ. ಜಯದೇವಪ್ಪ ಅವನ ಹೆಗಲ ಮೇಲೆ ಕೈ ಹಾಕಿ ಕಿವಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು.

"ಬರ್ತೈತೆ ಅಂದ್ಬಿಡು. ಒಂದೇ ಮಾತು. ಇಲ್ಲಾಂದ್ರೆ ನಾಳೆಯಿಂದ ಬರ್ಬ್ಯಾಡ."

ಅಕ್ಕಪಕ್ಕದ ಟೇಬಲ್ಲಿನವರೂ ಎದ್ದು ನಿಂತರು. ಫೋನುಗಳು ಮೇಲೆದ್ದವು. ಮಾವ ಚಪ್ಪಲಿ ಬಿಟ್ಟ. ಕಂಬಳಿಯ ನಾಲ್ಕು ಅಂಚನ್ನೂ ಎಳೆದು ನೆಲಕ್ಕೆ ಹಾಸಿದ. ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಮೇಲೆ ನಿಂತ. ಹಿಮ್ಮಡಿ ಒಡೆದ ಕರಿಯ ಪಾದಗಳು. ಹಿಂದೆ ನಿಂತಿದ್ದ ಮಾರುತೇಶನೂ ಚಪ್ಪಲಿ ಬಿಟ್ಟಿದ್ದ.

"ಅಶೋಕನೂ ಅದನ್ನೇ ಬರೆಸಿರೋದು ಅಜ್ಜ, ಸತ್ಯ ಹೇಳ್ಬೇಕು ಅಂತ. ಈಗ ತಾನೇ ಓದ್ಕೊಂಡು ಬಂದ್ವಿ" ಎಂದಳು ಮೇಡಂ. "ಹೇಳಿ. ಸರ್ವಿಸ್ ಚಾರ್ಜು ನಿಮಗೆ ಬರುತ್ತಾ?"

ಮಾವ ಜಯದೇವಪ್ಪನನ್ನು ನೋಡಲಿಲ್ಲ. ಕಾಲ ಕೆಳಗಿನ ಕಂಬಳಿ ನೋಡಿದ.

"ಬರಲ್ಲ ತಾಯಿ. ಒಂದು ಪೈಸಾನೂ ಬರಲ್ಲ. ಡಬ್ಬಿಗೆ ಹಾಕಿದ್ದೂ ಬರಲ್ಲ. ಕೇಳಿದ್ರೆ ಬರ್ತೈತೆ ಅನ್ರಿ ಅಂತ ಕಲಿಸವ್ರೆ."

ಕೈಯಲ್ಲಿದ್ದ ತಟ್ಟೆಯೆಲ್ಲ ಬಿಸಾಡಿ ಕುಣಿಯಬೇಕು ಅನಿಸಿತು. ಜಯದೇವಪ್ಪನ ಮುಖ ಕಪ್ಪಿಟ್ಟಿತು.

ಮೇಡಂ ಚಪ್ಪಾಳೆ ತಟ್ಟಿದಳು. "ತೆಗೀರಿ ಸರ್ವಿಸ್ ಚಾರ್ಜು. ಈಗಲೇ ತೆಗೀರಿ. ಇಲ್ಲಾಂದ್ರೆ ಈ ವಿಡಿಯೋ ಹಾಕ್ತೀನಿ" ಎಂದಳು. ರವಿಕಿರಣ್ ಬೇರೆ ಬಿಲ್ಲು ತಂದ. ಅವಳ ಗಂಡ ಚಿಲ್ಲರೆ ಎಣಿಸಿ ಎಣಿಸಿ ವಾಪಸ್ಸು ತೆಗೆದುಕೊಂಡು ಜೇಬಿಗಿಟ್ಟ. ಮೇಡಂ ಮಾವನ ಪಕ್ಕ ನಿಂತು ಫೋಟೋ ತೆಗೆಸಿಕೊಂಡಳು. ಅವರಲ್ಲಿ ಒಬ್ಬ, "ಅಜ್ಜನಿಗೆ ಏನಾದ್ರೂ ಕೊಡೋಣ್ವಾ?" ಎಂದು ಪರ್ಸು ತೆಗೆದ.

"ಬೇಡಪ್ಪ. ಕೊಟ್ರೆ ಓನರ್ ಕಿತ್ಕೋತಾನೆ. ಅವನಿಗೆ ಯಾಕೆ ಲಾಭ?" ಎಂದಳು ಮೇಡಂ.

ಪರ್ಸು ಒಳಗೆ ಹೋಯಿತು. "ಸೂಪರ್ ಅಜ್ಜ!" ಎಂದು ಹೆಬ್ಬೆರಳು ತೋರಿಸಿ ಕಾರು ಹತ್ತಿದರು. ನಮ್ಮ ಸತ್ಯದಿಂದ ಅವರ ಊಟ ಅಗ್ಗವಾಯಿತು. ಅಷ್ಟೇ ಆದದ್ದು.

ಕಾರು ಹೆದ್ದಾರಿ ಸೇರುವ ತನಕ ಜಯದೇವಪ್ಪ ಕೈ ಬೀಸುತ್ತಾ ನಿಂತಿದ್ದ. ಆಮೇಲೆ ಒಳಗೆ ಬಂದ. ಮಾವ ಇನ್ನೂ ಕಂಬಳಿಯ ಮೇಲೇ ನಿಂತಿದ್ದ. ಜಯದೇವಪ್ಪ ಕಂಬಳಿಯ ಅಂಚು ಹಿಡಿದು ಒಂದೇ ಸಲ ಜಗ್ಗಿದ. ಮಾವ ಮಕಾಡೆ ಬಿದ್ದ. ಟೇಬಲ್ಲಿನ ಕಾಲು ಬಡಿದು ಹುಬ್ಬು ಒಡೆಯಿತು.

"ಅನ್ನ ಹಾಕಿದ ಮನೆಗೆ ಮಣ್ಣು ಹಾಕ್ತೀಯೇನೋ ಮುದುಕ? ನಡಿ ಆಚೆಗೆ."

"ಹೋಗ್ತೀನಿ ಸಾಮಿ. ನನ್ನ ಕಂಬಳಿ ಕೊಡ್ರಿ."

"ಯಾವಾನ್ದೋ ಕಂಬಳಿ? ಇದನ್ನ ಹಾಕ್ಕೊಂಡು ನಿಂತ್ಕೊಳ್ಳೋಕೆ ತಿಂಗಳು ತಿಂಗಳು ದುಡ್ಡು ಕೊಟ್ಟಿದ್ದೀನಿ. ಇದು ಹೋಟ್ಲಿನ ಸಾಮಾನು."

ಮಾವ ಅವನ ಕಾಲು ಹಿಡಿದ. ನಮ್ಮ ಹಟ್ಟಿಯಲ್ಲಿ ಎಲ್ಲರೂ ಕಾಲು ಮುಟ್ಟುವ ಮನುಷ್ಯ. ರಕ್ತ ಕಣ್ಣಿಗೆ ಇಳಿಯುತ್ತಿತ್ತು.

"ಈ ತಿಂಗಳ ಸಂಬಳ ಬ್ಯಾಡ ಸಾಮಿ. ಕಂಬಳಿ ಒಂದು ಕೊಡ್ರಿ. ನನ್ನ ಕುರಿ ಉಣ್ಣೆ ಅದು."

ಜಯದೇವಪ್ಪ ಕಾಲು ಕೊಡವಿಕೊಂಡ. ಇಬ್ಬರು ಕಾವಲುಗಾರರು ಮಾವನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ರಸ್ತೆಗೆ ಬಿಟ್ಟು ಬಂದರು. ಜಯದೇವಪ್ಪ ಎಸೆದ ಕಂಬಳಿ ಹಾರಿ ಬಂದು ನನ್ನ ಕಾಲ ಹತ್ತಿರ ಬಿತ್ತು. ನಾನು ಹಿಂದೆ ಸರಿದೆ. ಅಭ್ಯಾಸ ಅದು. ಸೋಕಬಾರದಲ್ಲ.

"ಏಯ್ ಗಂಗಿ, ಅದನ್ನ ಕೈ ತೊಳೆಯೋ ಹತ್ರ ಹಾಸು. ಜನ ಕಾಲೊರೆಸಿಕೊಳ್ಳಲಿ. ಬೂಟು ಒರೆಸೋಕೆ ಒಳ್ಳೆ ಒರಟಾಗೈತೆ."

ನನ್ನ ಹೆಸರು ಗಂಗಲಕ್ಷ್ಮಿ. ಇರಲಿ. ನಾನು ಅಲ್ಲಾಡಲಿಲ್ಲ. ಅವನೇ ಕಂಬಳಿಯನ್ನು ಒದ್ದುಕೊಂಡು ಹೋಗಿ ಕೈತೊಳೆಯುವ ತೊಟ್ಟಿಯ ಮುಂದಿನ ನೀರಿಗೆ ತಳ್ಳಿದ. ಒಬ್ಬ ಗಿರಾಕಿ ಕೈ ತೊಳೆದು, ಬಾಯಿ ಮುಕ್ಕಳಿಸಿ ಉಗಿದು, ಬೂಟಿನ ಎರಡೂ ಅಟ್ಟೆಯನ್ನು ಅದರ ಮೇಲೆ ಉಜ್ಜಿದ. ಮಾರುತೇಶ ನೋಡುತ್ತಿದ್ದ. ನಾನು ನೋಡುತ್ತಿದ್ದೆ. ಬಾಗಿಲ ಗಾಜಿನಾಚೆ ರಸ್ತೆ ಪಕ್ಕ ಕೂತ ಮಾವನೂ ನೋಡುತ್ತಿದ್ದ. ಅವನು ಎರಡೂ ಕೈಯಿಂದ ತಲೆ ಚಚ್ಚಿಕೊಂಡ.

ನನ್ನ ಕೈಯ ತಟ್ಟೆಗಳನ್ನು ಹತ್ತಿರದ ಟೇಬಲ್ಲಿನ ಮೇಲೆ ದಢಾರನೆ ಇಟ್ಟೆ. ಹೋಗಿ ಬಗ್ಗಿದೆ. ಕಂಬಳಿಗೆ ಕೈ ಹಾಕಿದೆ. ಹುಟ್ಟಿದಾಗಿನಿಂದ ಸೋಕಬೇಡ ಎಂದು ಹೇಳಿಸಿಕೊಂಡದ್ದು. ಎತ್ತಿ ಎದೆಗವಚಿಕೊಂಡೆ. ನೀರು ಸೋರಿ ಸೀರೆ ನೆನೆಯಿತು.

"ಎಲ್ಲಿಗೇ ತಗೊಂಡ್ಹೋಗ್ತೀಯ? ಇಡು ಕೆಳಗೆ!"

"ಇಡಲ್ಲ."

"ಲೇ ಮಾರುತೇಶ, ಕಿತ್ಕೊಳ್ಳೋ ಅವಳ ಕೈಯಿಂದ."

ಮಾರುತೇಶ ಬರಲಿಲ್ಲ. ನಾನು ಗುಡಿಸಲಿನಿಂದ ಬಂದದ್ದು ಅವನಿಗೆ ಗೊತ್ತಿತ್ತು. ಜಯದೇವಪ್ಪನೇ ಕೈ ಚಾಚಿದ.

"ಮುಟ್ಟು ನೋಡಾನ" ಎಂದೆ. ಇಡೀ ಹೋಟೆಲಿಗೆ ಕೇಳುವ ಹಾಗೆ ಕೂಗಿದೆ. "ನಾನು ಮುಟ್ಟಾಗಿದೀನಿ. ಹೊರಗಾಗಿದೀನಿ. ಬೆಳಿಗ್ಗೆಯಿಂದ ರಕ್ತ ಹೋಗ್ತೈತೆ. ಮುಟ್ಟು, ಧೈರ್ಯ ಇದ್ರೆ!"

ಕೌಂಟರಿನಲ್ಲಿ ದೇವರ ಫೋಟೋ ಇಟ್ಟು ಊದುಬತ್ತಿ ಹಚ್ಚುವವನು. ಕೆಂಡ ಸೋಕಿದ ಹಾಗೆ ಕೈ ಹಿಂದಕ್ಕೆ ತೆಗೆದುಕೊಂಡ. ಕಾವಲುಗಾರರು ಗೋಡೆಗೆ ಅಂಟಿದರು. ದಾರಿ ತಾನಾಗಿ ಬಿಟ್ಟುಕೊಂಡಿತು. ಅವಮಾನ ಎಂದು ಬಚ್ಚಿಟ್ಟುಕೊಂಡಿದ್ದ ಮಾತಿಗೆ ಇಷ್ಟು ಬಲ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ.

"ಥೂ! ಇವಳು ಎತ್ತಿದ ತಟ್ಟೇಲಿ ನಾವು ತಿಂದ್ವಾ?" ಎಂದು ಒಬ್ಬ ಹೆಂಗಸು ಊಟ ದೂಡಿದಳು. ಹೆಂಗಸೇ! ಅವಳಿಗೂ ತಿಂಗಳು ತಿಂಗಳು ಆಗುತ್ತದೆ. ಇನ್ನೊಬ್ಬ ಬಿಲ್ಲು ಕೊಡುವುದಿಲ್ಲ ಎಂದು ಗಲಾಟೆ ತೆಗೆದ.

"ಹೂಂ ಕಣ್ರೀ, ನಾನೇ ಎತ್ತಿದ್ದು, ನಾನೇ ತೊಳೆದದ್ದು" ಎಂದೆ. "ಬಿಲ್ಲಿನಾಗೆ ಸರ್ವಿಸ್ ಅಂತ ಬರೆದವ್ರಲ್ಲ, ಅದನ್ನ ಮಾಡಿದ ಕೈ ಇದು. ನೋಡ್ಕೊಳ್ರಿ."

ಒಡೆದ ಬೆರಳುಗಳನ್ನು ಅವರ ಮುಖಕ್ಕೆ ಹಿಡಿದೆ. ಆಮೇಲೆ ಹೊರಗೆ ಬಂದೆ. ಅಲ್ಲಿಗೆ ಕೆಲಸ ಹೋಯಿತು. ಆ ತಿಂಗಳ ಸಂಬಳವೂ ಹೋಯಿತು.

ಮಾವ ಜಾಲಿ ಗಿಡದ ಕೆಳಗೆ ಕೂತಿದ್ದ. ಹುಬ್ಬಿನ ರಕ್ತ ಗಡ್ಡಕ್ಕೆ ಇಳಿದು ಒಣಗಿತ್ತು. ಕಂಬಳಿ ಕಂಡದ್ದೇ ಎದ್ದು ನಿಂತ. ಎರಡೂ ಕೈ ಚಾಚಿದ.

"ತಗಳ್ರಿ ಮಾವ" ಎಂದೆ. ನನ್ನ ಕಣ್ಣಲ್ಲಿ ನೀರು.

ಅವನ ಕೈ ಅರ್ಧಕ್ಕೇ ನಿಂತಿತು. ನನ್ನ ಮುಖ ನೋಡಿದ. ಕೈ ಹಿಂದಕ್ಕೆ ಹೋಯಿತು.

"ನೀನು ಗುಡಿಸಲಿನಾಗಿದ್ದೀಯಲ್ಲಮ್ಮ."

"ಹೂಂ ಮಾವ. ಅದಕ್ಕೇ ಯಾರೂ ಕಿತ್ಕೊಳ್ಳಲಿಲ್ಲ."

"ನೀನು ಯಾಕೆ ಮುಟ್ಟಿದೆ?"

"ಮುಟ್ಟದಿದ್ರೆ ಬೂಟು ಒರೆಸ್ತಿದ್ರು. ನೀವೇ ನೋಡಿದ್ರಲ್ಲ."

"ಬೂಟು ಒರೆಸಿದ್ರೆ ತೊಳ್ಕೊಬಹುದಿತ್ತು" ಎಂದ ಮಾವ. "ಇದನ್ನ ಇನ್ನು ಸುಡಬೇಕು."

ಮೆತ್ತಗೆ ಹೇಳಿದ. ಸಿಟ್ಟಿಲ್ಲ, ಬೈಗುಳವಿಲ್ಲ. ಜಯದೇವಪ್ಪ ಬೈದಾಗ ಆಗದ ಉರಿ ನನಗೆ ಆಗ ಆಯಿತು. ಉಗಿದ ನೀರು, ಎಂಜಲು, ಸಗಣಿ ತುಳಿದ ಬೂಟು, ಎಲ್ಲವೂ ತೊಳೆದರೆ ಹೋಗುತ್ತದಂತೆ. ನನ್ನ ಕೈ ಹೋಗುವುದಿಲ್ಲವಂತೆ!

ಬಸ್ಸು ಬಂತು. ನಾನು ಮುಂದೆ ಕೂತೆ, ಒದ್ದೆ ಕಂಬಳಿ ಹೆಗಲಿಗೆ ಹಾಕಿಕೊಂಡು. ಮಾವ ಹಿಂದಿನ ಬಾಗಿಲಲ್ಲಿ ನಿಂತ. ದಾರಿ ಉದ್ದಕ್ಕೂ ನಾನು ತಿರುಗಿ ನೋಡಲಿಲ್ಲ.

ಹಟ್ಟಿಯ ಮುಳ್ಳುಬೇಲಿಗೆ ಇರುವುದು ಒಂದೇ ಬಾಗಿಲು. ಬಸ್ಸಿಳಿದು ನಾನು ಗುಡಿಸಲ ಕಡೆ ತಿರುಗಲಿಲ್ಲ. ನೆಟ್ಟಗೆ ಬಾಗಿಲಿಗೆ ಹೋದೆ. ಕಂಬಳಿಯನ್ನು ಈ ಬೇಲಿಯಿಂದ ಆ ಬೇಲಿಗೆ ಅಡ್ಡ ಹಾಸಿದೆ. ಚಪ್ಪಲಿ ಬಿಟ್ಟೆ. ಮೇಲೆ ಹತ್ತಿ ನಿಂತೆ.

ಕುರಿ ಮನೆಗೆ ಬರುವ ಹೊತ್ತು. ಹಟ್ಟಿಯಲ್ಲಿ ಇನ್ನೂ ಕುರಿ ಇಟ್ಟುಕೊಂಡಿದ್ದ ಚಿತ್ತಪ್ಪ ಮಂದೆ ಹೊಡೆದುಕೊಂಡು ಬರುತ್ತಾ ದೂರದಿಂದಲೇ ಕೂಗಿದ. "ಯಾರಮ್ಮೋ ಅದು? ಸರಿಯಮ್ಮ, ಕುರಿ ಬಂದವೆ." ಹತ್ತಿರ ಬಂದವನು ಹಾಸಿದ ಕಂಬಳಿ ನೋಡಿ, ಕೋಲು ಅಡ್ಡ ಹಿಡಿದು ಕುರಿ ನಿಲ್ಲಿಸಿದ. 'ಮ್ಯಾ' ಎಂದು ಒಂದೇ ಗಲಾಟೆ. ಬೇಲಿಯ ಒಳಗಿಂದ ನಮ್ಮತ್ತೆ ಪಾತಮ್ಮ ಬಂದಳು. ನನ್ನನ್ನು ನೋಡಿ ಎದೆ ಬಡಿದುಕೊಂಡಳು.

"ಅಯ್ಯಯ್ಯೋ, ಹಟ್ಟಿ ಹಾಳಾಗ್ತೈತಲ್ಲೇ! ಇಳಿಯೇ ಕೆಳಗೆ!"

"ಇಳೀತೀನಿ ಅತ್ತೆ. ಹೇಳಿ ಇಳೀತೀನಿ."

ಮಾವ ನಡೆದು ಬಂದು ಕುರಿಗಳ ನಡುವೆ ನಿಂತ. ಅವನೂ ಬೇಲಿಯ ಹೊರಗೇ. ಆವತ್ತಿನವರೆಗೂ ನಾನು ಅವನಿಗೆ ಏಕವಚನ ಆಡಿದವಳಲ್ಲ.

"ಕೇಳು ಮಾವ. ಮಧ್ಯಾಹ್ನ ನೀನು ಇದರ ಮ್ಯಾಲೆ ನಿಂತು ಸತ್ಯ ಹೇಳಿದೆ. ಈಗ ನಾನು ನಿಂತಿದೀನಿ. ನಿನ್ನ ಕಂಬಳಿನ ಬೂಟಿನ ಕೆಳಗಿಂದ ಎತ್ತಿದೋಳು ನಾನು. ಹೋಟ್ಲಾಗೆ ತಟ್ಟೆ ಎತ್ತಿದ್ದಕ್ಕೂ ನನಗೆ ಏನೂ ಬರಲಿಲ್ಲ. ನಿನ್ನದು ಎತ್ತಿದ್ದಕ್ಕೂ ಬರಲಿಲ್ಲ. ಸುಳ್ಳಾ?"

ಚಿತ್ತಪ್ಪ ನುಗ್ಗುತ್ತಿದ್ದ ಕುರಿಗಳನ್ನು ಕೋಲಿನಿಂದ ಹಿಂದಕ್ಕೆ ತಳ್ಳಿದ.

"ಕಂಬಳಿ ಕೆಟ್ಟೈತೆ ಅಂದ್ಯಲ್ಲ. ಕೆಟ್ಟಿದ್ರೆ ಅದು ಬರೀ ಚಿಂದಿ. ತುಳ್ಕೊಂಡು ಒಳಗೆ ಹೋಗು. ಕೆಟ್ಟಿಲ್ಲ ಅಂದ್ರೆ ನನ್ನ ಕೈಯಿಂದ ಈಸ್ಕೊ. ಎರಡರಾಗೆ ಒಂದು ಮಾಡು."

ಮಾವ ಒಂದು ಕಾಲು ಎತ್ತಿದ. ಕಂಬಳಿಯ ಅಂಚಿನ ತನಕ ತಂದ. ಆ ಒಡೆದ ಹಿಮ್ಮಡಿ ಗಾಳಿಯಲ್ಲೇ ನಿಂತಿತು. ಹಿಂದಕ್ಕೆ ಇಟ್ಟುಕೊಂಡ. ತುಳಿಯಲು ಅವನಿಂದ ಆಗಲಿಲ್ಲ. ಈಸಿಕೊಳ್ಳಲೂ ಆಗಲಿಲ್ಲ. ಹಿಂದೆ ಕುರಿಗಳು ಒಂದರ ಮೇಲೊಂದು ಒತ್ತುತ್ತಿದ್ದವು. ಒಳಗೆ ಕಟ್ಟಿದ್ದ ಮರಿಗಳು ತಾಯಿಗಾಗಿ ಅರಚುತ್ತಿದ್ದವು. "ಏನಾದ್ರೂ ಮಾಡು ಯತ್ತಪ್ಪ, ಕತ್ತಲಾಗ್ತೈತೆ" ಎಂದ ಚಿತ್ತಪ್ಪ.

ಮಾವ ಅಂಗಿಯ ಒಳಜೇಬಿಗೆ ಕೈ ಹಾಕಿದ. ಮಡಚಿಟ್ಟ ಒಂದು ನೋಟು ತೆಗೆದ. ಹತ್ತಿರ ಬರಲಿಲ್ಲ. ಕೈ ಮುಂದೆ ಚಾಚಿ, ನನ್ನ ಬೆರಳು ಸೋಕದ ಹಾಗೆ, ಮೇಲಿಂದ ಬಿಟ್ಟ. ನೋಟು ಕಂಬಳಿಯ ಮೇಲೆ ಬಿತ್ತು.

"ತಗಂಡು ಸರಿಯವ್ವ" ಎಂದ.

ಚಟ್ನಿಗೆ ಅಂಟಿದ ನಾಣ್ಯ ಎತ್ತಿದವಳು ನಾನು. ನಿಂಬೆ ನೀರಿನಲ್ಲಿ ಕೈ ಅದ್ದಿ ನೋಟು ಎತ್ತಿದವಳು. ಮಗು ಮೇಲಿಂದ ಬಿಟ್ಟದ್ದನ್ನೂ ಎತ್ತಿಕೊಂಡವಳು. ಮಾವನ ನೋಟು ನನ್ನ ಕಾಲ ಹತ್ತಿರ ಬಿದ್ದಿತ್ತು. ಅದನ್ನು ಎತ್ತಲಿಲ್ಲ. ಕಂಬಳಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಕುರಿ, ಮಾವ, ಚಿತ್ತಪ್ಪ, ಎಲ್ಲರೂ ಬೇಲಿಯ ಹೊರಗೇ ನಿಂತಿದ್ದರು.